ಒಂಬತ್ತನೇ ಕಾಲಮ್ಮಿನಲ್ಲಿ ಅವಳಿಲ್ಲ

ಗುಬ್ಬಿ ಸೀಮೆಯಲ್ಲಿ ಹಲಸಿನ ಮರಕ್ಕೂ ಗಂಡಸಿನ ಹೆಸರು. ಚೇಳೂರಿನ ಕೆಂಪು ತೊಳೆಯ ಹಲಸನ್ನು ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 2017ರಲ್ಲಿ ಗುರುತಿಸಿ, ಆ ಮನೆಯ ಹಿರಿಯರ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟಿತು. ಇದೇ ತಾಲ್ಲೂಕಿನ ಇನ್ನೊಂದು ಮರ ‘ಶಂಕರ’. ಕಸಿಗಿಡಗಳು ರಾಜ್ಯ ದಾಟಿ ಹೋದವು. ಆ ಕುಟುಂಬಗಳ ಮೇಲೆ ನನ್ನ ತಕರಾರಿಲ್ಲ. ಮರ ಕಾಪಾಡಿದವರಿಗೆ ಹೆಸರು ಬರಬೇಕು, ಗಿಡ ಮಾರಿದ ಹಣದಲ್ಲಿ ಪಾಲೂ ಬರಬೇಕು. ನನ್ನ ಪ್ರಶ್ನೆ ಬೇರೆ. ಅದೇ ಸೀಮೆಯಲ್ಲಿ ಅವರೆ ಬೀಜ ಆರಿಸಿದವಳ ಹೆಸರೆಲ್ಲಿ? ರಾಗಿ ತೆನೆ ಆಯ್ದವಳ ಹೆಸರೆಲ್ಲಿ? ಸೋರೆ, ಹೀರೆ, ಕುಂಬಳದ ಬೀಜವನ್ನು ಒಲೆಯ ಹೊಗೆಗೆ ಕಟ್ಟಿ ಮೂರು ತಲೆಮಾರು ದಾಟಿಸಿದವಳ ಹೆಸರೆಲ್ಲಿ?

ರಾಗಿ ಹೊಲದ ಮಾತು ತೆಗೆಯೋಣ. ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಸಾಲಿಗೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿಡುತ್ತಿದ್ದವಳು ಹೆಂಗಸು. ಎಷ್ಟು ಸಾಲಿಗೊಂದು ಅಕ್ಕಡಿ, ಮಳೆ ಹಿಂದಾದರೆ ಯಾವ ಕಾಳು ಬಿಟ್ಟು ಯಾವುದನ್ನು ಹಿಡಿಯಬೇಕು, ಎಲ್ಲವೂ ಅವಳ ಕೈಲೆಕ್ಕ. ಕುಯ್ಲಿಗೆ ಮುಂಚೆ ಹೊಲ ಸುತ್ತಿ ಗಟ್ಟಿ ತೆನೆ ಆರಿಸಿ ಬೀಜಕ್ಕೆ ಎತ್ತಿಟ್ಟವಳು, ತೊಗರಿಗೆ ಕೆಮ್ಮಣ್ಣು ಕಟ್ಟಿದವಳು, ಕಾಳಿಗೆ ಬೂದಿ ಬೆರೆಸಿ ಮಡಕೆಗೆ ತುಂಬಿ ಬಾಯಿ ಮೆತ್ತಿದವಳು ಅವಳೇ. ಔಷಧಿಯ ಹನಿಯೂ ಇಲ್ಲದೆ ವರ್ಷವಿಡೀ ಹುಳ ಬೀಳದಂತೆ ಬೀಜ ಕಾಯುವ ಕೆಲಸವನ್ನು ವಿಶ್ವವಿದ್ಯಾಲಯದಲ್ಲಿ ಮಾಡಿದರೆ ಅದು ಸಂಶೋಧನೆ, ಅದಕ್ಕೊಂದು ಡಾಕ್ಟರೇಟು. ಹಟ್ಟಿಯಲ್ಲಿ ಮಾಡಿದರೆ ಮನೆಗೆಲಸ.

ರಾಗಿ ಲಕ್ಷ್ಮಣಯ್ಯನವರನ್ನು ನಾಡು ನೆನೆಯುತ್ತದೆ. ನೆನೆಯಲೇಬೇಕು. ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟು ಬಡವರ ಹಿಟ್ಟಿನ ಮಡಕೆ ತುಂಬಿಸಿದ ಪುಣ್ಯಾತ್ಮ. ಆದರೆ ಅವರ ಕೈಗೆ ಸಿಕ್ಕ ನಾಡರಾಗಿ ಆಕಾಶದಿಂದ ಉದುರಿದ್ದಲ್ಲ. ಹೆಸರು ಗೊತ್ತಿಲ್ಲದ ಸಾವಿರಾರು ಹೆಂಗಸರು ನೂರಾರು ವರ್ಷ ತೆನೆ ಆರಿಸಿ ಆರಿಸಿ ಉಳಿಸಿದ್ದು ಅದು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಮೆರೆಸಿದರು. ವೇದಿಕೆ ಮೇಲೆ ಮಂತ್ರಿ, ಕುಲಪತಿ, ಕಂಪನಿಯವರು ಕೂತರು. ಕೆಳಗೆ ರಾಗಿ ಮುದ್ದೆ ತಿರುವಿ ಬಡಿಸುವ ಕೆಲಸ ಮಾತ್ರ ಹೆಂಗಸರದು.

ಸಾಲುಮರದ ತಿಮ್ಮಕ್ಕನ ಕಥೆಯನ್ನೇ ನೋಡಿ. ಗುಬ್ಬಿ ತಾಲ್ಲೂಕಿನ ಮಗಳು, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸೊಸೆ. ಕೂಲಿ ಮಾಡಿ ಬದುಕಿದವಳು. ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟು, ಮುಳ್ಳು ಕಟ್ಟಿ, ಕೊಡಗಟ್ಟಲೆ ನೀರು ಹೊತ್ತು ಬೆಳೆಸಿದಳು. ಬಯಲುಸೀಮೆಯ ಒಣ ರಸ್ತೆ ಬದಿಯಲ್ಲಿ ಮುನ್ನೂರಕ್ಕೂ ಹೆಚ್ಚು ಆಲದ ಮರ ಬದುಕಿಸುವುದು ಎಂಥ ವಿದ್ಯೆ ಅಂತ ಅರಣ್ಯ ಇಲಾಖೆಯ ಸಸಿ ನೆಡುವ ಕಾರ್ಯಕ್ರಮಗಳನ್ನು ನೋಡಿದವರಿಗೆ ಗೊತ್ತು. ಯಾವಾಗ ನೆಡಬೇಕು, ಎಷ್ಟು ದಿನ ನೀರು ಕೊಡಬೇಕು, ದನದ ಬಾಯಿಂದ ಹೇಗೆ ಕಾಯಬೇಕು: ಇದು ಕೃಷಿ ಅರಣ್ಯದ ಪಾಠ. ನಾವು ಅದನ್ನು ಏನು ಮಾಡಿದೆವು? ಮಕ್ಕಳಿಲ್ಲದ ತಾಯಿಯ ಕಣ್ಣೀರಿನ ಕಥೆ ಮಾಡಿದೆವು. ಆಕೆಯೂ ಮರಗಳನ್ನು ಮಕ್ಕಳೆಂದೇ ಕರೆದಳು, ಅದು ಅವಳ ಪ್ರೀತಿ. ಪಠ್ಯ ಬರೆದವರಿಗೆ, ಭಾಷಣ ಮಾಡಿದವರಿಗೆ ಅವಳ ಬುದ್ಧಿ ಯಾಕೆ ಕಾಣಲಿಲ್ಲ? ಗಂಡಸು ಮರ ಬೆಳೆಸಿದರೆ ಸಾಧಕ, ಹೆಂಗಸು ಬೆಳೆಸಿದರೆ ಬಂಜೆ. 2019ರಲ್ಲಿ ಪದ್ಮಶ್ರೀ ಕೊಟ್ಟರು. ಅದೇ ವರ್ಷ ರಸ್ತೆ ಅಗಲ ಮಾಡಲು ಅವಳ ಮರಗಳಿಗೇ ಕೊಡಲಿ ಬೀಳುವ ಹಾಗಾಯಿತು. ಮುಖ್ಯಮಂತ್ರಿಯ ಮುಂದೆ ಅವಳೇ ಬೇಡಿಕೊಳ್ಳಬೇಕಾಯಿತು. ತನ್ನೂರಿಗೊಂದು ಆಸ್ಪತ್ರೆ ಬೇಕು ಅಂತ ಆ ಜೀವ ಎಷ್ಟು ವರ್ಷ ಕೇಳಿತು! 2025ರ ನವೆಂಬರಿನಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವವೇನೋ ಸಿಕ್ಕಿತು.

ಈಗ ಹೊಸ ಬೇಸಾಯದ ಮಾತು. ಅದು ನಮ್ಮ ಊರುಗಳಿಗೆ ಬರುವ ದಾರಿ ಒಂದೇ: ಪಹಣಿ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜಕ್ಕೆ ಪಹಣಿ, ಹನಿ ನೀರಾವರಿ ಪೈಪಿಗೆ ಪಹಣಿ, ಕೃಷಿ ಹೊಂಡಕ್ಕೆ ಪಹಣಿ, ಬೆಳೆ ಸಾಲಕ್ಕೆ ಪಹಣಿ, ವಿಮೆಗೆ ಪಹಣಿ, ಬರ ಪರಿಹಾರಕ್ಕೆ ಪಹಣಿ. ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ನಂಬರು ಹುಟ್ಟುವುದೂ ಪಹಣಿಯಿಂದ. ಬೆಂಬಲ ಬೆಲೆ ಕೇಂದ್ರಕ್ಕೆ ರಾಗಿ ಹಾಕಲು ಆ ನಂಬರು ಬೇಕು. 2025-26ಕ್ಕೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ ನಿಗದಿ ಮಾಡಿದ್ದರು. ಕಳೆ ಕಿತ್ತವಳು, ಕುಯ್ದವಳು, ಕಣದಲ್ಲಿ ತೂರಿದವಳು ಮನೆಯಲ್ಲೇ ಇರುತ್ತಾಳೆ. ದುಡ್ಡು ಅವನ ಖಾತೆಗೆ ಬೀಳುತ್ತದೆ. 2019ರಿಂದ ಬರುತ್ತಿರುವ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಜಮೀನು ಯಾರ ಹೆಸರಲ್ಲಿದೆಯೋ ಅವರಿಗೇ. ಜಮೀನಿನ ಒಡೆಯರ ಹೆಸರು ಬರೆಯುವ ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಹೆಸರಿಲ್ಲದವಳು ಸರ್ಕಾರದ ಲೆಕ್ಕದಲ್ಲಿ ಬೇಸಾಯಗಾರಳೇ ಅಲ್ಲ, ಬೇಸಾಯಗಾರನ ಹೆಂಡತಿ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ದುಡಿಯುವುದು ಬೇಸಾಯದಲ್ಲಿ. 2015-16ರ ಕೃಷಿ ಗಣತಿ ಪ್ರಕಾರ ಹಿಡುವಳಿಗಳಲ್ಲಿ ಹೆಂಗಸರವು ನೂರಕ್ಕೆ 14. ವಿಸ್ತೀರ್ಣ ನೋಡಿದರೆ ನೂರು ಎಕರೆಗೆ 12 ಎಕರೆಯೂ ಇಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದಾಗ ಜಗತ್ತೇ ಕರ್ನಾಟಕವನ್ನು ಹೊಗಳಿತು. ಹಳೇ ಕಡತದಲ್ಲಿದ್ದ ಗಂಡಸರ ಹೆಸರುಗಳೇ ಹೊಸ ಕಂಪ್ಯೂಟರಿಗೂ ಹೋದವು.

ತರಬೇತಿಗೆ ಕರೆಯುವ ಫೋನು ಬರುವುದೂ ಗಂಡಸಿನ ಮೊಬೈಲಿಗೆ. ಮಣ್ಣು ಪರೀಕ್ಷೆ, ಹೊಸ ತಳಿ, ನೀರಾವರಿ, ಯಂತ್ರ ಅಂದರೆ ಅವನನ್ನು ಕರೆಯುತ್ತಾರೆ. ಅವಳನ್ನು ಕರೆಯುವುದು ಉಪ್ಪಿನಕಾಯಿ, ಹಪ್ಪಳ, ಹಲಸಿನ ಚಿಪ್ಸಿಗೆ. ಬೆಳಿಗ್ಗೆ ಹಾಲು ಕರೆದು, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಕೊಟ್ಟಿಗೆ ಬಳಿದು, ಬಸ್ಸು ಹಿಡಿದು ಹತ್ತು ಗಂಟೆಗೆ ತುಮಕೂರಿಗೆ ಮುಟ್ಟುವುದು ಅವಳಿಂದಾಗುತ್ತದೆಯೇ ಎಂದು ಒಬ್ಬ ಅಧಿಕಾರಿಯೂ ಯೋಚಿಸುವುದಿಲ್ಲ. ಬಾರದಿದ್ದರೆ ‘ಹೆಂಗಸರಿಗೆ ಆಸಕ್ತಿ ಇಲ್ಲ’ ಅಂತ ವರದಿ ಬರೆಯುತ್ತಾರೆ.

ಯಂತ್ರ ಯಾರ ಕೆಲಸಕ್ಕೆ ಮೊದಲು ಬಂತು ಅಂತ ಕೇಳಿಕೊಳ್ಳಿ. ನೇಗಿಲು ಹಿಡಿಯುತ್ತಿದ್ದವನು ಟ್ರ್ಯಾಕ್ಟರಿನ ಸೀಟು ಹತ್ತಿದ. ಸೊಂಟ ಬಗ್ಗಿಸಿ ಕಳೆ ಕೀಳುತ್ತಿದ್ದವಳು ಸೊಂಟ ಬಗ್ಗಿಸಿಕೊಂಡೇ ಇದ್ದಳು. ಆಮೇಲೆ ಅವಳ ಕೆಲಸಕ್ಕೂ ಹೊಸದು ಬಂತು, ಕಳೆನಾಶಕ. ಅದು ಅವಳ ಸೊಂಟ ನೋವನ್ನು ತೆಗೆಯಲಿಲ್ಲ, ಕೂಲಿಯನ್ನು ತೆಗೆಯಿತು. ಇನ್ನೂ ಒಂದನ್ನು ತೆಗೆಯಿತು, ಅದನ್ನು ಯಾವ ಕೃಷಿ ಅರ್ಥಶಾಸ್ತ್ರಜ್ಞನೂ ಬರೆದಿಡುವುದಿಲ್ಲ. ಕಳೆ ಕೀಳುವವಳ ಮಡಿಲಿಗೆ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಬೀಳುತ್ತಿತ್ತು. ರಾತ್ರಿ ಅದೇ ಬೆರಕೆ ಸೊಪ್ಪಿನ ಸಾರು, ಅದೇ ಬಸ್ಸಾರು. ದುಡ್ಡು ಕೊಡದೆ ಸಿಗುತ್ತಿದ್ದ ಕಬ್ಬಿಣದ ಅಂಶ ಅದು. ಈಗ ಕ್ಯಾನಿನ ವಿಷ ಹೊಡೆದು ಅದನ್ನು ಕೊಂದು, ಅದೇ ಹೆಂಗಸಿಗೆ ರಕ್ತಹೀನತೆ ಅಂತ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಕೊಡುತ್ತೇವೆ.

ಕುಯ್ಲಿನ ಯಂತ್ರವೂ ಹಾಗೆಯೇ. ಗಂಟೆ ಲೆಕ್ಕದಲ್ಲಿ ಹೊಲ ಬೋಳಾಗುತ್ತದೆ, ಯಜಮಾನನಿಗೆ ನಿರಾಳ. ಹತ್ತು ಹದಿನೈದು ಹೆಂಗಸರ ಹದಿನೈದು ದಿನದ ಕೂಲಿ ಹೋಯಿತು. ಮೆದೆ ಒಟ್ಟುತ್ತಿದ್ದ ಉದ್ದನೆ ಹುಲ್ಲು ನುಚ್ಚಾಯಿತು. ಹುಲ್ಲು ಕೆಟ್ಟರೆ ಹಸುವಿಗೆ ಮೇವು ಹೊಂಚುವ ಹೊಣೆ ಅವಳದೇ. ಯಂತ್ರ ಬೇಡ ಎನ್ನುತ್ತಿಲ್ಲ ನಾನು. ಕಷ್ಟದ ದುಡಿಮೆಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಯಂತ್ರದ ಬೀಗದ ಕೈ ಅವಳ ಸೆರಗಿಗೆ ಯಾಕೆ ಬರಲಿಲ್ಲ? ಬೆನ್ನಿಗೆ ಹೊರುವ 16 ಲೀಟರಿನ ಸ್ಪ್ರೇಯರು, ಪವರ್ ಟಿಲ್ಲರಿನ ಹಿಡಿ, ಎಲ್ಲವೂ ಗಂಡಸಿನ ಭುಜ ನೋಡಿ ಮಾಡಿದ್ದು. ಹೆಂಗಸರ ಬೇಸಾಯವನ್ನೇ ಅಧ್ಯಯನ ಮಾಡುವ ಸಂಸ್ಥೆಯೊಂದು ಭುವನೇಶ್ವರದಲ್ಲಿ ಶುರುವಾದದ್ದು 1996ರಲ್ಲಿ, ಸ್ವಾತಂತ್ರ್ಯ ಬಂದು 49 ವರ್ಷವಾದ ಮೇಲೆ. ಈಗ ಡ್ರೋನ್ ದೀದಿ ಅಂತ ಬಂದಿದೆ. ದೇಶದ 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುತ್ತಾರಂತೆ. ಕೊಡಲಿ. ಅವಳು ಹಾರಿಸುವ ಡ್ರೋನಿನ ಕೆಳಗಿರುವ ಹೊಲವೂ ಅವಳದಾಗಲಿ.

ಕುಣಿಗಲ್ ಕಡೆಯ ರೇಷ್ಮೆ ಮನೆಗಳಿಗೆ ಬನ್ನಿ. ಚಾಕಿ ಹುಳು ಮನೆಗೆ ಬಂದ ದಿನದಿಂದ ಗೂಡು ಇಳಿಸುವವರೆಗೆ ಹೆಂಗಸಿಗೆ ನಿದ್ದೆ ಇಲ್ಲ. ಸೊಪ್ಪು ಕೊಡಬೇಕು, ಹಾಸಿಗೆ ತೆಗೆಯಬೇಕು, ಜ್ವರಕ್ಕೆ ಕೂತ ಹುಳು ನೋಡಬೇಕು, ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹಗಲು ತಿನ್ನಿಸಬೇಕು, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಬೆರಳ ತುದಿಯಲ್ಲಿ ಮುಟ್ಟಿ ಹುಳುವಿನ ಕಾಯಿಲೆ ಹೇಳುವವಳು ಅವಳು. ಗೂಡು ತುಂಬಿದ ಚೀಲ ರಾಮನಗರದ ಮಾರುಕಟ್ಟೆಗೆ ಹೊರಟಾಗ ಬೈಕಿನ ಮೇಲೆ, ಆಟೋದಲ್ಲಿ ಹೋಗುವವನು ಅವನು. ಅಂದಿನ ದರವೆಷ್ಟು, ಎಷ್ಟು ಕೈಗೆ ಬಂತು, ಎಷ್ಟು ದಾರಿಯಲ್ಲೇ ಕರಗಿತು, ಕೇಳುವ ಹಾಗಿಲ್ಲ. ಪ್ರತ್ಯೇಕ ಹುಳು ಸಾಕಣೆ ಮನೆ ಕಟ್ಟಲು ಸಹಾಯಧನ ಉಂಟು. ಅದಕ್ಕೂ ಮತ್ತೆ ಪಹಣಿ.

ಹಾಲಿನ ವಿಷಯಕ್ಕೆ ಬಂದರೆ ಬೇರೆಯದೇ ಸಾಕ್ಷಿ ಸಿಗುತ್ತದೆ. ಮಲ್ಲಸಂದ್ರದ ಡೇರಿಗೆ ಹಾಲು ಹೋಗುವ ಊರುಗಳಲ್ಲಿ ಮಹಿಳಾ ಸಂಘಗಳಿವೆ. ಅಲ್ಲಿ ಸದಸ್ಯತ್ವಕ್ಕೆ ಹಾಲು ಸಾಕು, ಪಹಣಿ ಬೇಡ. ಬಟವಾಡೆ ಅವಳ ಖಾತೆಗೆ ಬಿದ್ದರೆ ಅವಳು ಹಸುವಿನ ತಳಿ ಮಾತಾಡುತ್ತಾಳೆ, ಅಜೋಲ್ಲಾ ಬೆಳೆಸುತ್ತಾಳೆ, ಸೀಮೆಹುಲ್ಲು ನಾಟಿ ಮಾಡುತ್ತಾಳೆ, ಡಾಕ್ಟರಿಗೆ ತಾನೇ ಫೋನು ಮಾಡುತ್ತಾಳೆ. ಹೆಂಗಸರಿಗೆ ಹೊಸದು ಹಿಡಿಸುವುದಿಲ್ಲ ಎನ್ನುವವರು ಹೋಗಿ ನೋಡಿ ಬರಲಿ.

ಅಡಿಕೆ ಬಂದದ್ದು ಗುಬ್ಬಿಗೆ ಭಾಗ್ಯ ಅನ್ನುತ್ತಾರೆ. ಯಾರಿಗೆ? ರಾಗಿ, ಅವರೆ ಬೆಳೆಯುತ್ತಿದ್ದ ಹೊಲಕ್ಕೆ ಬೋರ್‌ವೆಲ್ ಕೊರೆದು ಅಡಿಕೆ ಇಟ್ಟರು. ಊಟದ ಕಾಳು ಬೆಳೆಯುತ್ತಿದ್ದವಳು ಈಗ ಅಂಗಡಿಯಿಂದ ಕೊಳ್ಳಬೇಕು. ಚೇಣಿ ಮಾತು ಗಂಡಸರ ನಡುವೆ ಮುಗಿಯುತ್ತದೆ. ಸುಲಿಯಲು ರಾತ್ರಿ ಬಲ್ಬಿನ ಕೆಳಗೆ ಕೂರುವವರು ಹೆಂಗಸರು. ಬೆರಳು ಕಪ್ಪಾಗಿ ಸೀಳುತ್ತದೆ. ಸುಲಿಯುವ ಯಂತ್ರ ಬಂದಾಗ ಅದನ್ನು ಕೊಂಡವನು ಗಂಡಸು, ಕೂಲಿ ಕಳೆದುಕೊಂಡವರು ಇವರು. ತುಮಕೂರಿನ ಹುಣಸೆ ಮಂಡಿಯ ಕಥೆಯೂ ಇದೇ. ಹಣ್ಣು ಬಡಿದು, ಓಡು ಬಿಡಿಸಿ, ಬೀಜ ತೆಗೆದು, ನಾರು ಕಿತ್ತು ಕೊಡುವ ಕೈ ಹೆಂಗಸಿನದು; ಬೆಲೆ ಕೂಗುವ ಬಾಯಿ ಗಂಡಸಿನದು. ಹೇಮಾವತಿ ಲಿಂಕ್ ಕೆನಾಲಿಗಾಗಿ ಗುಬ್ಬಿ ಒಂದು ಕಡೆ, ಕುಣಿಗಲ್ ಒಂದು ಕಡೆ ನಿಂತು ಜಗಳವಾಡಿದವು. ಕೊಡ ಹೊತ್ತವಳನ್ನು ಎರಡೂ ಕಡೆಯವರು ಬಾವುಟ ಹಿಡಿಯಲು ಕರೆದರೇ ಹೊರತು, ಮಾತಿಗೆ ಕರೆಯಲಿಲ್ಲ.

ಜಮೀನು ಅವನ ಹೆಸರಿನಲ್ಲಿ ಅಂದೆ. ಹಾಗಾದರೆ ಅವಳ ಹೆಸರಿನಲ್ಲಿ ಏನೂ ಇಲ್ಲವೇ? ಇದೆ. ಸಾಲ ಇದೆ. ಬೋರ್‌ವೆಲ್ಲಿಗೆ, ಪೈಪಿಗೆ, ಅಡಿಕೆ ಸಸಿಗೆ, ಮಗಳ ಮದುವೆಗೆ ಸಂಘದ ಸಾಲ, ಫೈನಾನ್ಸಿನ ಸಾಲ, ಎಲ್ಲವೂ ಹೆಂಗಸರ ಗುಂಪಿನ ಮೇಲೆ. ಬೋರಿನಲ್ಲಿ ನೀರು ಬಾರದಿದ್ದರೆ ಅವನು ಊರು ಬಿಟ್ಟು ಬೆಂಗಳೂರಿಗೆ ಹೋಗಬಹುದು. ವಾರದ ಕಂತಿನ ದಿನ ಬಾಗಿಲಿಗೆ ಬಂದು ಕೂರುವವರಿಗೆ ಉತ್ತರ ಹೇಳಬೇಕಾದವಳು ಅವಳು. ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅಷ್ಟರೊಳಗೆ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಸಾಲಕ್ಕೆ ರೈತ ಸತ್ತರೆ ಕುಟುಂಬಕ್ಕೆ 5 ಲಕ್ಷ ಪರಿಹಾರವಿದೆ. ಅದೇ ಸಾಲಕ್ಕೆ ಅವನ ಹೆಂಡತಿ ಸತ್ತರೆ ಅವಳ ಸಾವು ರೈತ ಆತ್ಮಹತ್ಯೆಯ ಲೆಕ್ಕಕ್ಕೆ ಏರುವುದೇ ಕಷ್ಟ. ಹಕ್ಕು ಕೇಳಿದರೆ ‘ನಿನಗ್ಯಾಕವ್ವ ಜಮೀನಿನ ಉಸಾಬರಿ’ ಎನ್ನುವ ಗಂಡಸು, ಹೆಬ್ಬೆಟ್ಟು ಬೇಕಾದಾಗ ಮಾತ್ರ ‘ಬಾರಮ್ಮಿ, ಒಂದು ಸಹಿ ಹಾಕು’ ಎನ್ನುತ್ತಾನೆ.

ಇದು ದೈವ ಬರೆದದ್ದಲ್ಲ, ಕಚೇರಿ ಬರೆದದ್ದು. 1974ರಲ್ಲಿ ಉಳುವವನಿಗೇ ಭೂಮಿ ಅಂದರು. ದೇವರಾಜ ಅರಸರ ಆ ಕಾಯ್ದೆ ದೊಡ್ಡದು, ಗೇಣಿದಾರರ ಬೆನ್ನು ನೆಟ್ಟಗೆ ಮಾಡಿದ್ದು. ಆದರೆ ಗೇಣಿ ಭೂಮಿಯ ಹಕ್ಕು ಕೇಳುವ ಏಳನೇ ನಮೂನೆ ತುಂಬಿದವನು ಮನೆಯ ಯಜಮಾನ. ಅವನ ಜೊತೆ ನಾಟಿ ಹಾಕಿದವಳ ಹೆಸರು ಆ ಕಾಗದದಲ್ಲಿ ಇಲ್ಲ. ಬಗರ್‌ಹುಕುಂ ಬಂತು, ನಮೂನೆ 50, ನಮೂನೆ 53, ನಮೂನೆ 57 ಬಂದವು. ಕಲ್ಲು ಆಯ್ದು, ಪೊದೆ ಕಡಿದು, ಗೋಮಾಳದ ಬರಡನ್ನು ಹೊಲ ಮಾಡಿದ ದಲಿತ ಹೆಣ್ಣುಮಕ್ಕಳ ಬೆವರಿಗೂ ಅರ್ಜಿದಾರ ಗಂಡಸೇ. ಜಾತಿ ಅವಳನ್ನು ಊರಾಚೆ ಇಟ್ಟಿತು, ಗಂಡಾಳಿಕೆ ಕಾಗದದಾಚೆ ಇಟ್ಟಿತು. ಮನಸ್ಸು ಮಾಡಿದರೆ ಆಗದ್ದೇನಲ್ಲ. ಭೂ ಒಡೆತನ ಯೋಜನೆಯಲ್ಲಿ ಪರಿಶಿಷ್ಟ ಜಾತಿಯ ಭೂಮಿಯಿಲ್ಲದ ಕೂಲಿ ಹೆಂಗಸಿಗೆ ಜಮೀನು ಕೊಂಡು ಅವಳ ಹೆಸರಿಗೇ ನೋಂದಣಿ ಮಾಡಿಕೊಡುವ ನಿಯಮ ಇದೇ ರಾಜ್ಯದಲ್ಲಿದೆ. ಅದು ಒಂದು ತಾಲ್ಲೂಕಿಗೆ ಬೆರಳೆಣಿಕೆಯ ಫಲಾನುಭವಿಗಳ ಯೋಜನೆಯಾಗಿ ಯಾಕೆ ಉಳಿಯಬೇಕು?

ಮಗಳ ಹಕ್ಕಿನ ಕಾನೂನು ಕೇಂದ್ರಕ್ಕಿಂತ ಮುಂಚೆ ಕರ್ನಾಟಕವೇ ಮಾಡಿತು, 1994ರ ಜುಲೈ 30ರಿಂದ. ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಬೇಲಿ ಕಿತ್ತಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು. ಮೂರು ಸಲ ಗೆದ್ದವಳು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸೋಲುತ್ತಾಳೆ. ತುಮಕೂರು, ಗುಬ್ಬಿ, ಕುಣಿಗಲ್, ಯಾವ ಕಚೇರಿಯ ಮುಂದಾದರೂ ಹೋಗಿ ನಿಲ್ಲಿ. ಹೊಸ ಸೀರೆ ಉಟ್ಟು ಅಣ್ಣನ ಕಾರಿನಿಂದ ಇಳಿಯುವ ಹೆಣ್ಣುಮಕ್ಕಳು ಕಾಣುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಲು ಬಂದವರು. ‘ಅರಿಶಿನ ಕುಂಕುಮಕ್ಕೆ ತವರು ಬೇಡವಾ ನಿನಗೆ?’ ಎಂಬ ಒಂದೇ ಮಾತು ಸಾಕು. ಬೆಂಗಳೂರಿನಿಂದ ಕೊಳ್ಳುವವನು ಬಂದು ಎಕರೆಗೆ ಕೋಟಿ ಮಾತಾಡಿದಾಗ ಅಣ್ಣನಿಗೆ ತಂಗಿಯ ನೆನಪಾಗುತ್ತದೆ, ಅವನ ವಕೀಲ ಸಹಿ ಕೇಳುತ್ತಾನಲ್ಲ, ಅದಕ್ಕೆ. ಗೌರಿ ಹಬ್ಬದ ಬಾಗಿನದ ಬೆಲೆ ಒಂದೂವರೆ ಎಕರೆ ತೋಟ!

ಸಹಿ ಮಾಡಿದವಳನ್ನು ನಾನು ಬೈಯುವುದಿಲ್ಲ. ಗಂಡ ಹೊಡೆದ ರಾತ್ರಿ ಹೋಗಲು ಅವಳಿಗಿರುವುದು ಅದೊಂದೇ ಮನೆ. ಅದು ಗೊತ್ತಿದ್ದೇ ಬೆದರಿಸುವ ಅಣ್ಣತಮ್ಮಂದಿರನ್ನು ಬೈಯುತ್ತೇನೆ. ವೇದಿಕೆ ಮೇಲೆ ಸಮಾನತೆ ಮಾತಾಡಿ, ಮನೆಯಲ್ಲಿ ತಂಗಿಯಿಂದ ಬಿಡುಗಡೆ ಪತ್ರ ಬರೆಸಿಕೊಂಡ ಪ್ರಗತಿಪರರನ್ನು ಇನ್ನೂ ಜೋರಾಗಿ ಬೈಯುತ್ತೇನೆ. ಹಸಿರು ಶಾಲು ಹೊದ್ದ ಸಂಘಟನೆಗಳ ಅಣ್ಣಂದಿರೇ, ವಿದ್ಯುತ್ತಿಗೆ, ಬೆಲೆಗೆ, ನೀರಿಗೆ ರಸ್ತೆ ತಡೆದಿರಿ. ಪಹಣಿಯಲ್ಲಿ ಹೆಂಡತಿಯ ಹೆಸರಿಗಾಗಿ ಒಂದು ದಿನ ರಸ್ತೆ ತಡೆಯಿರಿ ನೋಡೋಣ.

ಇದು ನಮ್ಮ ತುಮಕೂರು ಜಿಲ್ಲೆಯ ರೋಗ ಮಾತ್ರವಲ್ಲ. ಬಡ ದೇಶಗಳಲ್ಲಿ ಹೆಂಗಸರಿಗೂ ಗಂಡಸರಷ್ಟೇ ಬೀಜ, ಗೊಬ್ಬರ, ಸಾಲ, ತಿಳಿವಳಿಕೆ ಸಿಕ್ಕರೆ ಅವರ ಹೊಲದ ಇಳುವರಿ ನೂರಕ್ಕೆ 20ರಿಂದ 30ರಷ್ಟು ಏರುತ್ತದೆ, 10ರಿಂದ 15 ಕೋಟಿ ಜನರ ಹಸಿವು ನೀಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಬರೆಯಿತು. 2023ರಲ್ಲಿ ಮತ್ತೆ ಲೆಕ್ಕ ಹಾಕಿ, ಬೇಸಾಯದ ಕೂಲಿಯಲ್ಲಿ ಗಂಡಸಿಗೆ 100 ಸಿಕ್ಕರೆ ಹೆಂಗಸಿಗೆ 82 ಎಂದಿತು. ನಮ್ಮ ಎಂ.ಎಸ್. ಸ್ವಾಮಿನಾಥನ್ ಇದನ್ನು ಬರೀ ವರದಿಯಲ್ಲಿ ಬಿಡದೆ, ಮಹಿಳಾ ರೈತರ ಹಕ್ಕುಗಳ ಮಸೂದೆಯನ್ನು 2012ರಲ್ಲಿ ರಾಜ್ಯಸಭೆಗೆ ತಂದರು. ಪಹಣಿ ಇರಲಿ ಬಿಡಲಿ, ಬೇಸಾಯ ಮಾಡುವ ಹೆಂಗಸಿಗೆ ರೈತಳೆಂದು ಪ್ರಮಾಣಪತ್ರ ಕೊಡಬೇಕು, ಅದರ ಮೇಲೆ ಸಾಲ, ನೀರು, ಬೀಜ ಕೊಡಬೇಕು ಎಂದಿತ್ತು ಅದು. 2013ರಲ್ಲಿ ಆ ಮಸೂದೆ ಸತ್ತುಹೋಯಿತು. ಸತ್ತದ್ದಕ್ಕೆ ಯಾವ ಪಕ್ಷವೂ ಅಳಲಿಲ್ಲ. 2026ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ರೈತ ಮಹಿಳಾ ವರ್ಷ ಎಂದು ಸಾರಿದೆ. ಮತ್ತೆ ವೇದಿಕೆ, ಮತ್ತೆ ಶಾಲು, ಮತ್ತೆ ಫೋಟೋ. ಸಾಕು ಇದು. ಆ ಮಸೂದೆಯನ್ನು ಕರ್ನಾಟಕದ ವಿಧಾನಸಭೆಯೇ ಎತ್ತಿಕೊಂಡು ಕಾಯ್ದೆ ಮಾಡಲಿ. ಸರ್ಕಾರಿ ಮನೆಯನ್ನು ಹೆಣ್ಣಿನ ಹೆಸರಿಗೆ ಕೊಡಲು ಬರುವುದಾದರೆ, ಮಂಜೂರಾಗುವ ಪ್ರತಿ ಗುಂಟೆಯನ್ನೂ ಜಂಟಿ ಹೆಸರಿಗೆ ಕೊಡಲಿ. ಎಫ್‌ಐಡಿ ನಂಬರು ಗಂಡನಿಗೊಂದು, ಹೆಂಡತಿಗೊಂದು ಹುಟ್ಟಲಿ.

ಇನ್ನು ಅಕ್ಕತಂಗಿಯರಿಗೆ ಒಂದು ಮಾತು. ಸತ್ತವರ ಹೆಸರಿನ ಜಮೀನನ್ನು ವಾರಸುದಾರರಿಗೆ ಮಾಡಿಕೊಡಲು ಕಂದಾಯ ಇಲಾಖೆಯವರು ಇ-ಪೌತಿ ಅಂತ ಊರೂರಿಗೆ ಬರುತ್ತಿದ್ದಾರೆ. ಅದಕ್ಕೆ ವಂಶವೃಕ್ಷ ಬೇಕು. ಎಷ್ಟೋ ಮನೆಗಳಲ್ಲಿ ವಂಶವೃಕ್ಷ ಬರೆಸುವಾಗ ಗಂಡುಮಕ್ಕಳನ್ನು ಮಾತ್ರ ಹೇಳಿ, ಹೆಣ್ಣುಮಕ್ಕಳು ಹುಟ್ಟಿಯೇ ಇಲ್ಲವೆಂಬಂತೆ ಮಾಡುತ್ತಾರೆ. ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋಗಿ ಅದರ ಪ್ರತಿ ಕೇಳಿ. ನಿಮ್ಮ ಹೆಸರು, ಅಕ್ಕನ ಹೆಸರು, ಸತ್ತ ತಂಗಿಗೆ ಮಕ್ಕಳಿದ್ದರೆ ಅವರ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಇಸ್ಕೊಳ್ಳಿ. ಬಿಡುಗಡೆ ಪತ್ರ ಮುಂದಿಟ್ಟರೆ ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ. ಅಣ್ಣ ಮಾತು ಬಿಟ್ಟರೆ ಬಿಡಲಿ. ಅರ್ಜಿ ನಿಮ್ಮ ಹೆಸರಿನಲ್ಲಿ ಇರಲಿ.